40 ನಿಮಿಷ ಅಂದಿದ್ದರು, ಸಿಕ್ಕಿದ್ದು 12

ಮಾತಾಡುವುದೇ ನನ್ನ ಕಸುಬು. ನವೆಂಬರ್ ಬಂತೆಂದರೆ ನಮ್ಮಂಥವರಿಗೆ ಸುಗ್ಗಿ. ರಾಜ್ಯೋತ್ಸವ 1ನೇ ತಾರೀಖಿಗೇ ಮುಗಿಯುವುದಿಲ್ಲ, ಬೆಂಗಳೂರಿನ ಕಂಪನಿಗಳಲ್ಲಿ, ಅಪಾರ್ಟ್‌ಮೆಂಟ್‌ಗಳಲ್ಲಿ ತಿಂಗಳಿಡೀ ನಡೆಯುತ್ತದೆ.

ಮೊದಲ ವರ್ಷ ಒಂದು ಕಂಪನಿಯವರು 40 ನಿಮಿಷ ಮಾತಾಡಿ ಅಂದಿದ್ದರು. ಹಲ್ಮಿಡಿ ಶಾಸನದಿಂದ ಹಿಡಿದು 1956ರ ಏಕೀಕರಣ, 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕ ಆಗಿದ್ದು, ಎಲ್ಲ ತುಂಬಿಕೊಂಡು ಹೋದೆ. ದೀಪ ಬೆಳಗಿಸಿದ್ದಾಯ್ತು, ಪ್ರಾಸ್ತಾವಿಕ ನುಡಿ ಆಯ್ತು, ಡ್ಯಾನ್ಸ್ ಆಯ್ತು, ಬಹುಮಾನ ಹಂಚಿದ್ದಾಯ್ತು. ನನ್ನ ಸರದಿ ಬಂದಾಗ ಮಧ್ಯಾಹ್ನ ಒಂದು ದಾಟಿತ್ತು. ನಿರೂಪಣೆ ಮಾಡುತ್ತಿದ್ದ ಹುಡುಗಿ ಒಂದು ಚೀಟಿ ಕೊಟ್ಟಳು: ‘ಸರ್, 12 ನಿಮಿಷ ಪ್ಲೀಸ್.’ ಹಿಂದಿನಿಂದ ಬಿಸಿಬೇಳೆಬಾತಿನ ಘಮ ಬರುತ್ತಿತ್ತು. ನಾನು 40 ನಿಮಿಷದ ಮಾತನ್ನೇ ಓಡಿಸಿದೆ. ಹಲ್ಮಿಡಿ ಬಿಟ್ಟು ಕದಂಬರ ಹತ್ತಿರ ಬರುವಷ್ಟರಲ್ಲೇ ಕುರ್ಚಿಗಳ ಸದ್ದು ಶುರುವಾಯಿತು. ಅವರದೇನೂ ತಪ್ಪಿರಲಿಲ್ಲ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆಮೇಲಿಂದ ಪ್ರತಿ ಭಾಷಣವನ್ನೂ ಮೂರು ಅಳತೆಯಲ್ಲಿ ತಯಾರು ಮಾಡುತ್ತೇನೆ: 40, 20, 10. ಹತ್ತು ನಿಮಿಷದ್ದು ಅಂದರೆ ನಲವತ್ತರ ಸಾರಾಂಶ ಅಲ್ಲ. ಒಂದೇ ಒಂದು ವಿಷಯ, ಅದನ್ನು ನಿಧಾನವಾಗಿ ಹೇಳುವುದು. ಇದನ್ನು ಕಲಿಯುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು. ಗೊತ್ತಿರುವುದನ್ನು ಬಿಡುವುದು ಬಹಳ ಕಷ್ಟ.

ಇನ್ನು ಮೈಕ್. ಒಂದು ಗಂಟೆ ಮುಂಚೆ ಹೋಗಿ ಸೌಂಡ್‌ನವರನ್ನು ಮಾತಾಡಿಸುತ್ತೇನೆ. ‘ಹಲೋ ಚೆಕ್’ ಅನ್ನುವುದಿಲ್ಲ. ನನ್ನ ಭಾಷಣದಲ್ಲಿ ತೀರಾ ಮೆಲ್ಲಗೆ ಹೇಳುವ ಸಾಲು ಯಾವುದೋ ಅದನ್ನೇ ಹೇಳಿ, ಕೊನೆಯ ಸಾಲಿಗೆ ಕೇಳಿಸಿತಾ ಅಂತ ನೋಡುತ್ತೇನೆ. ಸ್ಪೀಕರ್ ಬಾಕ್ಸ್ ಎಲ್ಲಿದೆ ನೋಡಿಕೊಳ್ಳಬೇಕು, ಮೈಕ್ ಹಿಡಿದು ಅದರ ಮುಂದೆ ಹೋದರೆ ಕುಂಯ್ ಅನ್ನುತ್ತದೆ. ಭಾಷಣಕ್ಕೆ ಮೊದಲೇ ಸನ್ಮಾನ ಮಾಡಿದರೆ ಶಾಲು ತೆಗೆದು, ಮಡಿಚಿ ಕುರ್ಚಿ ಮೇಲೆ ಇಡುತ್ತೇನೆ. ಕಾಲರ್ ಮೈಕ್‌ಗೆ ಶಾಲು ಉಜ್ಜಿದರೆ ಬರೀ ಪರಪರ ಸದ್ದು.

ದುಡ್ಡಿನ ಮಾತು ಮೊದಲ ಫೋನಿನಲ್ಲೇ ಆಡಿಬಿಡಿ. ಶಾಲು, ಹಾರ, ಹಣ್ಣಿನ ಬುಟ್ಟಿ ಪ್ರೀತಿಯಿಂದ ಕೊಡುತ್ತಾರೆ, ನಾನೂ ಪ್ರೀತಿಯಿಂದಲೇ ತಗೊಳ್ಳುತ್ತೇನೆ. ಆದರೆ ಮನೆ ಬಾಡಿಗೆ ಅದರಿಂದ ಕಟ್ಟೋಕಾಗಲ್ಲ, ಅಲ್ವಾ? ಕಂಪನಿಗಳು ಸಾಮಾನ್ಯವಾಗಿ ಶೇ. 10 ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದುಕೊಂಡು ಕೊಡುತ್ತವೆ, ರಿಟರ್ನ್ ಹಾಕುವಾಗ ಅದು ಲೆಕ್ಕಕ್ಕೆ ಬರುತ್ತದೆ. ಸರ್ಕಾರಿ ಶಾಲೆ ಕರೆದರೆ ಮಾತ್ರ ನಾನು ಏನೂ ತಗೊಳ್ಳುವುದಿಲ್ಲ.

ನನ್ನ ಹತ್ತು ನಿಮಿಷದ ಮಾತು ಬಾದಾಮಿಯಲ್ಲಿರುವ, ಕಪ್ಪೆ ಅರಭಟ್ಟ ಎಂಬ ವೀರನನ್ನು ಹೊಗಳುವ ಶಾಸನದ್ದು. ಕೆರೆಯ ಕಡೆ ಮುಖ ಮಾಡಿದ ಬಂಡೆಯಲ್ಲಿ, ಸುಮಾರು ಕ್ರಿ.ಶ. 700ರಲ್ಲಿ ಕೊರೆದದ್ದು. ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿ ಇರುವುದು ಅಲ್ಲೇ. ಪರದೆ, ಪಿಪಿಟಿ ಏನೂ ಇಲ್ಲ. ಮೆಲ್ಲಗೆ ಹೇಳುತ್ತೇನೆ: ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ.’ ಮನಸ್ಸಿನಲ್ಲೇ ಮೂರು ಎಣಿಸುತ್ತೇನೆ. ‘ಅರ್ಥ ಆಯ್ತಾ?’ ಅಂತ ಕೇಳಿದರೆ ಒಂದೊಂದೇ ಕೈ ಮೇಲೇಳುತ್ತದೆ. 1300 ವರ್ಷದ ಹಿಂದಿನ ಮಾತು, ಅರ್ಥ ಹೇಳದೆಯೇ ತಿಳಿಯಿತು ಅಂತ ಅವರಿಗೇ ಹೊಳೆಯುವ ಆ ಗಳಿಗೆಗಾಗಿ ನಾನು ಎಷ್ಟು ದೂರ ಬೇಕಾದರೂ ಹೋಗುತ್ತೇನೆ. ಆಮೇಲೆ ‘ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್’ ಅಂತ ದನಿ ಏರಿಸುತ್ತೇನೆ. ಒಳ್ಳೆಯವರಿಗೆ ಒಳ್ಳೆಯವನು, ಕಾಡಿದವರಿಗೆ ಮಾತ್ರ ಕಡುಕಠಿಣ.

ಹೋದ ನವೆಂಬರಿನಲ್ಲಿ ಕಾರ್ಯಕ್ರಮ ಮುಗಿಸಿ ಹೊರಟಿದ್ದೆ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಸೆಕ್ಯುರಿಟಿಯವರು ಟೋಪಿ ತೆಗೆದು ಹತ್ತಿರ ಬಂದರು. ‘ಸರ, ನಾ ಬಾದಾಮಿಯವ ರೀ. ಸಣ್ಣಾಂವ ಇದ್ದಾಗ ಅದೇ ಗುಡ್ಡದಾಗ ಆಡೀನ್ರಿ. ಅಲ್ಲಿ ಏನ್ ಬರದಾರ ಅಂತ ಇವತ್ತ ಗೊತ್ತಾತು. ಇನ್ನೊಮ್ಮೆ ಹೇಳ್ರಿ, ಮಗಳಿಗೆ ಕಳಸ್ತೀನಿ’ ಅಂತ ಮೊಬೈಲ್ ಮುಂದೆ ಹಿಡಿದರು. ಅಲ್ಲೇ ಗೇಟಿನ ಹತ್ತಿರ ನಿಂತು ಪೂರ್ತಿ ಹೇಳಿದೆ.