ಸಂಘದ ಕಪಾಟಿನಲ್ಲಿದ್ದ ಜೆರಾಕ್ಸ್‌ಗಳು

ಎಲ್‌ಎಲ್‌ಎಂ ಪ್ರಬಂಧಕ್ಕೆ ನಾನು ಆರಿಸಿಕೊಂಡ ವಿಷಯ ಮಾಹಿತಿ ಸೋರಿಕೆ. ಸೋರಿದರೆ ಯಾರಿಗೆ ಹೇಳಬೇಕು, ಎಷ್ಟು ಹೊತ್ತಿನೊಳಗೆ ಹೇಳಬೇಕು ಎಂದು ಬೇರೆ ಬೇರೆ ಕಡೆಯ ಕಾನೂನುಗಳನ್ನು ಹೋಲಿಸುವ ಕೆಲಸ. ಓದಿದ್ದು ಜಾಸ್ತಿ ಮುಂಬೈನ ಡೊಂಬಿವ್ಲಿ ಲೋಕಲ್ ರೈಲಿನಲ್ಲೇ. ದಾದರ್‌ನಲ್ಲಿ ಜನ ಇಳಿಯುವವರೆಗೆ ನಿಂತು ಮೊಬೈಲ್‌ನಲ್ಲಿ, ಆಮೇಲೆ ಕೂತು ಕಾಗದದಲ್ಲಿ.

ಆ ಓದು ತಲೆಗೆ ಇಳಿದದ್ದು ಮಾತ್ರ ನಮ್ಮ ಕನ್ನಡ ಸಂಘದಲ್ಲಿ.

ನಾನು ಸಂಘದ ಜೊತೆ ಕಾರ್ಯದರ್ಶಿ. ಪ್ರತಿ ವರ್ಷ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತೇವೆ. ಅರ್ಜಿಗೆ ಆಧಾರ್, ಅಂಕಪಟ್ಟಿ, ಪಾಸ್‌ಬುಕ್ಕಿನ ಮೊದಲ ಪುಟ, ಆದಾಯದ ದಾಖಲೆ ಎಲ್ಲದರ ಜೆರಾಕ್ಸ್ ಲಗತ್ತಿಸಬೇಕಿತ್ತು. ಒಂದು ವರ್ಷ ನಮ್ಮವರೇ ಒಬ್ಬರು ಆಯ್ಕೆಯಾದವರ ಎಕ್ಸೆಲ್ ಪಟ್ಟಿಯನ್ನು ಹಾಗೇ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟರು. ಹೆಸರಿನ ಮುಂದೆ ಫೋನ್ ನಂಬರ್, ಖಾತೆ ಸಂಖ್ಯೆ, ಅಪ್ಪನ ಆದಾಯ. ಎರಡು ದಿನ ಕಳೆದು ಒಬ್ಬ ತಾಯಿ ಫೋನ್ ಮಾಡಿದರು. "ಅಕ್ಕಾ, ಕೋಚಿಂಗ್ ಕ್ಲಾಸಿನವರು ಮಗಳ ಹೆಸರು ಹಿಡಿದು ಕರೀತಿದ್ದಾರೆ. ಅದಾದ್ರೂ ಹೋಗಲಿ. ಇವರ ಸಂಬಳ ಈಗ ಇಡೀ ಬಿಲ್ಡಿಂಗಿಗೆ ಗೊತ್ತು."

ಆ ಸಂಬಳ ಗುಟ್ಟೇನಲ್ಲ, ಅವರೇ ನಮಗೆ ಬರೆದುಕೊಟ್ಟದ್ದು. ಹಾಗಾದರೆ ತಪ್ಪಾದದ್ದು ಎಲ್ಲಿ? ಖಾಸಗಿತನದ ಬಗ್ಗೆ ಬರೆಯುವ ವಿದ್ವಾಂಸೆ ಹೆಲೆನ್ ನಿಸೆನ್‌ಬಾಮ್ 2004ರ ಲೇಖನದಲ್ಲಿ ಇದಕ್ಕೇ ಉತ್ತರ ಕೊಟ್ಟಿದ್ದಾರೆ: ಮಾಹಿತಿಯನ್ನು ಯಾವ ಸಂದರ್ಭದಲ್ಲಿ ಕೊಟ್ಟರೋ, ಆ ಸಂದರ್ಭದ ಮರ್ಯಾದೆ ಮೀರಿ ಅದು ಹರಿದರೆ ಖಾಸಗಿತನ ಕೆಟ್ಟಂತೆ. ಮೂರು ಸಲ ಓದಿ ಗೆರೆ ಎಳೆದಿದ್ದ ಮಾತು. ಆ ತಾಯಿ ಒಂದೇ ವಾಕ್ಯದಲ್ಲಿ ಹೇಳಿದರು.

ಈಗ ನನ್ನ ಪ್ರಬಂಧದ ಪ್ರಶ್ನೆಯೇ ನನ್ನ ಕೊರಳಿಗೆ ಬಂತು. ಎಲ್ಲರಿಗೂ ಹೇಳಬೇಕಾ? ಕ್ಯಾಲಿಫೋರ್ನಿಯಾದಲ್ಲಿ 2003ರಿಂದ ಸೋರಿದರೆ ಜನರಿಗೆ ಹೇಳಬೇಕೆಂಬ ಕಾನೂನು ಇದೆ. ಯುರೋಪಿನಲ್ಲಿ ಹೆಚ್ಚಿನ ಅಪಾಯ ಇದ್ದರೆ ಮಾತ್ರ ಜನರಿಗೆ ಹೇಳಬೇಕು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಆ ಜರಡಿಯೇ ಇಲ್ಲ. ಸಣ್ಣದಿರಲಿ, ದೊಡ್ಡದಿರಲಿ, ಡೇಟಾ ಸಂರಕ್ಷಣಾ ಮಂಡಳಿಗೂ ತಿಳಿಸಬೇಕು, ತೊಂದರೆಗೊಳಗಾದ ಪ್ರತಿಯೊಬ್ಬರಿಗೂ ತಿಳಿಸಬೇಕು. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ. ಹಾಗಾಗಿ ನಮ್ಮ ಮೇಲೆ ಒತ್ತಾಯ ಇರಲಿಲ್ಲ. ಎಲ್ಲದಕ್ಕೂ ನೋಟಿಸ್ ಕಳಿಸುತ್ತಾ ಹೋದರೆ ಜನ ಬೇಸತ್ತು ಓದುವುದನ್ನೇ ಬಿಡುತ್ತಾರೆ ಎಂದು ನಾನೇ ಪ್ರಬಂಧದಲ್ಲಿ ವಾದಿಸಿದ್ದೆ.

ಆದರೂ ಮೂವತ್ತೆಂಟು ಮನೆಗೆ ಫೋನ್ ಮಾಡಿದೆ. ಒಬ್ಬರು ರೇಗಿದರು. "ಈಗ ಹೇಳಿ ಏನು ಪ್ರಯೋಜನ?" ಮೂರು ಜನ ಬ್ಯಾಂಕಿನ ಹೆಸರಲ್ಲಿ ಬಂದ ಕರೆಯ ಬಗ್ಗೆ ಆಗಲೇ ಹೇಳಿದರು. ಒಟಿಪಿ ಯಾರಿಗೂ ಕೊಡಬೇಡಿ ಎಂದೆ. ಉಳಿದವರು ಹೆಚ್ಚಾಗಿ "ಹೇಳಿದ್ರಲ್ಲ, ಸಾಕು" ಎಂದರು. ಪ್ರಬಂಧದ ಆ ಅಧ್ಯಾಯವನ್ನು ಪೂರ್ತಿ ತಿದ್ದಬೇಕಾಯಿತು. ಬೇಸರ ಬರಿಸುವುದು ವಕೀಲರು ಬರೆದ ನೋಟಿಸ್. ಗೊತ್ತಿದ್ದವರ ದನಿ ಕೇಳಿ ಯಾರೂ ಬೇಸತ್ತಿರಲಿಲ್ಲ.

ಆಮೇಲೆ ಅರ್ಜಿಗೆ ಕತ್ತರಿ ಹಾಕಿದೆ. ಆಧಾರ್ ಬೇಡ, ಅಂಕಪಟ್ಟಿ ನೋಡಿ ವಾಪಸ್ ಕೊಡುವುದು, ಖಾತೆ ಸಂಖ್ಯೆ ಆಯ್ಕೆಯಾದವರಿಂದ ಮಾತ್ರ. ಹುಟ್ಟಿದ ದಿನಾಂಕದ ಮೇಲೆ ಜಗಳವೇ ಆಯಿತು, ಶುಭಾಶಯ ಕಳಿಸಲು ಬೇಕಂತೆ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಲಟಾನ್ಯಾ ಸ್ವೀನಿ 2000ದಲ್ಲಿ ಲೆಕ್ಕ ಹಾಕಿ ತೋರಿಸಿದ್ದರು: ಹುಟ್ಟಿದ ದಿನಾಂಕ, ಲಿಂಗ, ಅಂಚೆ ಸಂಖ್ಯೆ ಮೂರೇ ಇದ್ದರೂ ಅಲ್ಲಿನ ಶೇ. 87 ಜನರನ್ನು ಗುರುತು ಹಿಡಿಯಬಹುದು. ನಮ್ಮ ಪಟ್ಟಿಯಲ್ಲಿ ಹೆಸರು ಅಳಿಸಿ ಸುಮ್ನೆ ನೋಡಿದೆ. ಅವಳಿ ಅಕ್ಕತಂಗಿಯರನ್ನು ಬಿಟ್ಟರೆ ಎಲ್ಲರೂ ಸಿಕ್ಕಿದರು. ಇಷ್ಟು ಚಿಕ್ಕ ಪಟ್ಟಿಯಲ್ಲಿ ಅದೇನು ಮಹಾ, ನಿಜ. ಆದರೂ ಸಮಿತಿಯವರು ದಿನ, ತಿಂಗಳು ಇಟ್ಟುಕೊಂಡು ಇಸವಿ ಬಿಡಲು ಒಪ್ಪಿದರು.

ಮಾಹಿತಿ ಕೇಳುವಾಗ ಕೊಡುವ ಸೂಚನೆ ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದಲು ಸಿಗಬೇಕು ಎನ್ನುತ್ತದೆ ಕಾಯ್ದೆ. ನಮಗೆ ಕನ್ನಡವೇ ತಾನೆ. ಮಾಹಿತಿ ಪಡೆದು ಅದರ ಹೊಣೆ ಹೊರುವವರನ್ನು ಕಾಯ್ದೆ ಕರೆಯುವ ಡೇಟಾ ಫಿಡ್ಯೂಷಿಯರಿ ಎಂಬುದಕ್ಕೆ ಒಳ್ಳೆ ಪದ ಹುಡುಕಿ ಸುಸ್ತಾಗಿ, ಕೊನೆಗೆ 'ನಾವು' ಎಂದು ಬರೆದೆ. "ನಿಮ್ಮ ಮಗುವಿನ ಅಂಕ ಮತ್ತು ನಿಮ್ಮ ಫೋನ್ ನಂಬರ್ ನಾವು ಈ ವಿದ್ಯಾರ್ಥಿವೇತನಕ್ಕಾಗಿ ಮಾತ್ರ ಬಳಸುತ್ತೇವೆ. ಹಣ ತಲುಪಿದ ಮೇಲೆ ಅಳಿಸುತ್ತೇವೆ. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಹೇಳಿ." ಮಕ್ಕಳು 18 ದಾಟಿರದಿದ್ದರೆ ಒಪ್ಪಿಗೆ ತಂದೆತಾಯಿಯದು.

ಉಳಿದದ್ದು ಹಳೆ ಕಪಾಟು. ಖಜಾಂಚಿ ರಾಯರು "ರದ್ದಿಯವನಿಗೆ ಹಾಕಿಬಿಡೋಣಮ್ಮಾ, ನಾಲ್ಕು ಕಾಸು ಬರುತ್ತೆ" ಎಂದರು. ಸ್ಟೇಷನ್ ಹೊರಗೆ ಶೇಂಗಾ ಪೊಟ್ಟಣ ಬಿಚ್ಚಿದರೆ ಯಾರದೋ ಆಧಾರ್ ಕಾಣುತ್ತೆ ಎಂದೆ. ಅವರು ಬಿಡಲಿಲ್ಲ. "ನಿನ್ನ ಕಾಯ್ದೆ ಕಂಪ್ಯೂಟರ್‌ನಲ್ಲಿರೋದಕ್ಕೆ ಮಾತ್ರ ಅಲ್ವಾ?" ಮಾತು ಸರಿಯೇ. ಸ್ಕ್ಯಾನ್ ಮಾಡದ ಕಾಗದಕ್ಕೆ ಅದು ಅನ್ವಯಿಸುವುದಿಲ್ಲ. ಆದರೆ ಅರ್ಧ ನಾವೇ ಸ್ಕ್ಯಾನ್ ಮಾಡಿದ್ದೆವು.

ನಮ್ಮ ಆಫೀಸಿನಿಂದ ಕಾಗದ ಚೂರು ಮಾಡುವ ಯಂತ್ರ ತಂದು ಭಾನುವಾರ ಕೂತೆವು. ಹತ್ತು ನಿಮಿಷಕ್ಕೊಮ್ಮೆ ಅದು ಬಿಸಿಯಾಗಿ ನಿಲ್ಲುತ್ತಿತ್ತು. 2014ರ ಕಟ್ಟಿನಲ್ಲಿ ರಾಯರ ಮಗನ ಅರ್ಜಿ ಸಿಕ್ಕಿತು. ಆಧಾರ್ ಪುಟವನ್ನು ತಾವೇ ಯಂತ್ರಕ್ಕೆ ಕೊಟ್ಟರು. ಅಂಕಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.