ಬಿಳಿ ಕಾರ್ಡು ಪಿಂಕ್ ಆಗಲು ನಮಗೆ ಒಂದೂವರೆ ವರ್ಷ ಹಿಡಿಯಿತು

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆ. ಅಡ್ಕಸ್ಥಳ ಕಳೆದರೆ ಸಾರಡ್ಕ, ಅಲ್ಲಿಂದ ಕರ್ನಾಟಕ. ಮನೆಯಲ್ಲಿ ಐದು ಜನ: ನಾನು, ಗಂಡ, ಅತ್ತೆ, ಇಬ್ಬರು ಮಕ್ಕಳು. ಇವರು, ಅಂದರೆ ನನ್ನ ಗಂಡ, ಹದಿಮೂರು ವರ್ಷ ಗಲ್ಫಿನಲ್ಲಿದ್ದರು. 2020ರಲ್ಲಿ ಕೆಲಸ ಹೋಗಿ ಊರಿಗೆ ಬಂದರು. ಮರುವರ್ಷ ಅಡಿಕೆ ಮರದಿಂದ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಆಮೇಲೆ ಮನೆ ನಡೆದದ್ದು ನಾನು ಕಟ್ಟುವ ಬೀಡಿಯಿಂದ, ಅತ್ತೆಯ ಅಡಿಕೆ ಸುಲಿಯುವ ಕೂಲಿಯಿಂದ.

ಆದರೆ ನಮ್ಮ ಕೈಯಲ್ಲಿದ್ದದ್ದು ಬಿಳಿ ರೇಷನ್ ಕಾರ್ಡು.

ಕೇರಳದಲ್ಲಿ ರೇಷನ್ ಕಾರ್ಡಿನ ಬಣ್ಣವೇ ಎಲ್ಲವನ್ನೂ ಹೇಳುತ್ತದೆ. ಹಳದಿ ಅಂತ್ಯೋದಯದವರಿಗೆ, ಅಂದರೆ ತೀರಾ ಬಡವರಿಗೆ, ಮನೆಯಲ್ಲಿ ಎಷ್ಟೇ ಜನ ಇದ್ದರೂ ತಿಂಗಳಿಗೆ 35 ಕಿಲೋ ಧಾನ್ಯ. ಪಿಂಕ್ ಆದ್ಯತೆಯ ಕಾರ್ಡು, ತಲೆಗೆ 5 ಕಿಲೋ: 4 ಅಕ್ಕಿ, 1 ಗೋಧಿ. ಇವೆರಡಕ್ಕೂ 2023ರ ಜನವರಿಯಿಂದ ದುಡ್ಡು ಕೊಡಬೇಕಾಗಿಲ್ಲ. ನೀಲಿ ಕಾರ್ಡಿಗೆ ತಲೆಗೆ 2 ಕಿಲೋ ಅಕ್ಕಿ, ಕಿಲೋಗೆ 4 ರೂಪಾಯಿ. ಬಿಳಿಗೆ ಕಿಲೋಗೆ 10 ರೂಪಾಯಿ 90 ಪೈಸೆ, ಅದೂ ಕಾರ್ಡಿಗೆ ಇಷ್ಟು ಎಂದು ಆಯಾ ತಿಂಗಳು ಹೇಳಿದಷ್ಟೇ. ಐದು ಜನ ಗಂಜಿ ಉಣ್ಣುವ ಮನೆಗೆ ಅದು ಒಂದು ವಾರಕ್ಕೂ ಸಾಕಾಗುತ್ತಿರಲಿಲ್ಲ. ಉಳಿದದ್ದನ್ನು ಪೇಟೆಯಿಂದಲೇ ತರಬೇಕಿತ್ತು.

2023ರ ಅಕ್ಟೋಬರಿನಲ್ಲಿ ಆದ್ಯತೆಗೆ ಅರ್ಜಿ ಕರೆದಿದ್ದಾರೆ ಎಂದು ಕುಡುಂಬಶ್ರೀ ಎಂಬ ನಮ್ಮ ಹೆಂಗಸರ ಸ್ವಸಹಾಯ ಸಂಘದ ಸಭೆಯಲ್ಲಿ ಗೊತ್ತಾಯಿತು. ಕೊನೆಯ ದಿನ ಹತ್ತಿರ ಬಂದಿತ್ತು. ಗಡಿಬಿಡಿಯಲ್ಲಿ ಆದಾಯ ಪ್ರಮಾಣಪತ್ರ ಒಂದನ್ನೇ ಹಿಡಿದುಕೊಂಡು ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋದೆ. ಬಡವರು ಎಂದು ಕಂಡರೆ ಸಾಕು, ಕಾರ್ಡು ಸಿಗುತ್ತದೆ ಎಂದುಕೊಂಡಿದ್ದೆ. ಕೆಲವು ತಿಂಗಳ ನಂತರ ಅರ್ಜಿ ತಳ್ಳಿಹೋಗಿದೆ ಎಂದು ತಿಳಿಯಿತು. ಆ ದಿನ ನನಗೆ ಬಂದ ಅಳುವಿಗೆ ಲೆಕ್ಕವಿಲ್ಲ. ಗಂಡ ನೆಟ್ಟಗೆ ಕೂರಲಾಗದ ಸ್ಥಿತಿಯಲ್ಲಿದ್ದಾರೆ, ಇನ್ನೇನು ಬೇಕು ಈ ಕಚೇರಿಯವರಿಗೆ ಎಂದು ಅನಿಸಿತ್ತು.

ಏನು ಬೇಕು ಎಂದು ನನಗೆ ಬಿಡಿಸಿ ಹೇಳಿದವರು ನಮ್ಮ ರೇಷನ್ ಅಂಗಡಿಯ ಅಣ್ಣ. "ನೀವು ಬಡವರೋ ಅಲ್ಲವೋ ಅಂತ ಮೊದಲು ನೋಡುವುದಿಲ್ಲ ಅಕ್ಕಾ. ನಿಮ್ಮನ್ನು ಹೊರಗೆ ಹಾಕುವ ಕಾರಣ ಏನಾದರೂ ಉಂಟಾ ಅಂತ ಮೊದಲು ನೋಡುವುದು. ಒಂದೇ ಒಂದು ಸಿಕ್ಕಿದರೂ ಮುಗಿಯಿತು" ಎಂದರು. ಅಂಗಡಿ ಮುಚ್ಚುವ ಹೊತ್ತಿಗೆ ಕೂರಿಸಿ ಒಂದೊಂದಾಗಿ ಬರೆಸಿದರು. ಸರ್ಕಾರಿ, ಅರೆ ಸರ್ಕಾರಿ ಅಥವಾ ಸಹಕಾರಿ ಸಂಘದ ನೌಕರಿ ಯಾರಿಗಾದರೂ ಇದೆಯಾ? ಆದಾಯ ತೆರಿಗೆ ಕಟ್ಟುವವರಿದ್ದಾರಾ? ಮನೆಯ ಒಟ್ಟು ಆದಾಯ ತಿಂಗಳಿಗೆ 25,000 ದಾಟುತ್ತದಾ? ಜಾಗ ಒಂದು ಎಕರೆಗಿಂತ ಜಾಸ್ತಿ ಇದೆಯಾ? ಮನೆ 1000 ಚದರ ಅಡಿ ಮೀರಿದೆಯಾ? ಸ್ವಂತಕ್ಕೆ ನಾಲ್ಕು ಚಕ್ರದ ಗಾಡಿ ಇದೆಯಾ? ವಿದೇಶದಲ್ಲಿ ದುಡಿಯುವವರು ಇದ್ದಾರಾ? ಕೆಲವಕ್ಕೆ ವಿನಾಯಿತಿ ಉಂಟು. ಟ್ಯಾಕ್ಸಿ ಓಡಿಸಿಯೇ ಹೊಟ್ಟೆ ಹೊರೆಯುವವನ ಒಂದು ಗಾಡಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪರಿಶಿಷ್ಟ ಪಂಗಡದವರಿಗೆ ಜಾಗದ ಮಿತಿ ಇಲ್ಲ.

ಈ ಬಾಗಿಲು ದಾಟಿದ ಮೇಲೆ ಮಾತ್ರ ಅಂಕ. ವಿಧವೆಯರು, ಅಂಗವಿಕಲರು, ದೊಡ್ಡ ಕಾಯಿಲೆಯವರು, ಸ್ವಂತ ಮನೆ ಜಾಗ ಇಲ್ಲದವರು, ಇಂಥವಕ್ಕೆಲ್ಲ ಅಂಕ ಕೊಡುತ್ತಾರೆ. ಬಾಗಿಲಲ್ಲೇ ಸಿಕ್ಕಿಬಿದ್ದರೆ ಗಂಡನ ಸೊಂಟದ ನೋವನ್ನು ಯಾರೂ ಓದುವುದೇ ಇಲ್ಲ.

ನಾನು ಆ ಪಟ್ಟಿಯನ್ನು ಮನೆಗೆ ತಂದು ನಮ್ಮ ಒಂದೊಂದು ದಾಖಲೆ ಪಕ್ಕ ಇಟ್ಟು ನೋಡಿದೆ. ನಾವು ಎರಡು ಕಡೆ ಸಿಕ್ಕಿಬಿದ್ದಿದ್ದೆವು.

ಮೊದಲನೆಯದು 'ಪ್ರವಾಸಿ'. ಕನ್ನಡದಲ್ಲಿ ಪ್ರವಾಸಿ ಅಂದರೆ ಊರು ನೋಡಲು ಬಂದವನು. ಮಲಯಾಳದಲ್ಲಿ ಹೊರದೇಶದಲ್ಲಿ ದುಡಿಯುವವನು. ಕಾರ್ಡು ಹೊಸದು ಮಾಡುವಾಗ ಇವರು ಗಲ್ಫಿನಲ್ಲಿದ್ದರು, ಹಾಗೇ ಬರೆಸಿದ್ದೆವು. ಆಗ ಅದು ಸರಿಯೇ. ಆದರೆ ಬಂದು ಮೂರು ವರ್ಷ ಕಳೆದರೂ ನಾವು ಹೇಳಿರಲಿಲ್ಲ. ದಾಖಲೆಯ ಪ್ರಕಾರ ಇವರು ಇನ್ನೂ ಅಲ್ಲೇ ದುಡಿಯುತ್ತಿದ್ದರು. ವೀಸಾ ರದ್ದಾದ ಮುದ್ರೆ ಇರುವ ಪಾಸ್‌ಪೋರ್ಟಿನ ಪುಟದ ನಕಲು ಕೊಟ್ಟು 'ಊರಲ್ಲೇ ವಾಸ' ಎಂದು ಬದಲಾಯಿಸಿದೆವು. ಕೆಲಸ ಸುಲಭ. ಗೊತ್ತಿರಲಿಲ್ಲ, ಅಷ್ಟೆ.

ಎರಡನೆಯದು ಮನೆ. ಇದು ಬಹಳ ಕಾಡಿತು. ಮಾವ ಇದ್ದ ಕಾಲದಲ್ಲಿ ಮನೆಗೆ ತಾಗಿಕೊಂಡು ಒಂದು ಹಟ್ಟಿ ಇತ್ತು. ದನ ಮಾರಿದ ಮೇಲೆ ಅದರ ಮಾಡು ಕುಸಿಯಿತು, ಕಲ್ಲನ್ನು ತೆಗೆದು ಬಾವಿಕಟ್ಟೆಗೆ ಹಾಕಿದೆವು. ಪಂಚಾಯತಿನ ಕಟ್ಟಡ ತೆರಿಗೆಯ ದಾಖಲೆಯಲ್ಲಿ ಮಾತ್ರ ಹಟ್ಟಿ ಸೇರಿಸಿ 1,060 ಚದರ ಅಡಿ ಹಾಗೇ ಉಳಿದಿತ್ತು. ಮಿತಿಗಿಂತ ಬರೀ 60 ಅಡಿ ಜಾಸ್ತಿ! ಇಲ್ಲದ ಹಟ್ಟಿಯಿಂದ ಬಂದ ಆ 60 ಅಡಿಗೆ ಐದು ಜನರ ಅಕ್ಕಿ ಹೋಯಿತು. ಪುನಃ ಅಳೆಯಬೇಕೆಂದು ಪಂಚಾಯತಿಗೆ ಅರ್ಜಿ ಕೊಟ್ಟೆ. ಓವರ್‌ಸಿಯರ್ ಬಂದರು, ಟೇಪು ಹಿಡಿಯಲು ಮಗಳು ನಿಂತಳು. 890 ಬಂತು. ಅದನ್ನು ದಾಖಲೆಯಲ್ಲಿ ತಿದ್ದಿಸಿ ಕಾರ್ಯದರ್ಶಿಯ ಸಹಿಯ ಪ್ರಮಾಣಪತ್ರ ಪಡೆಯುವಾಗ ಮಳೆಗಾಲ ಮುಗಿದಿತ್ತು. ಅರ್ಜಿ ಕರೆದ ಮೇಲೆ ಇದಕ್ಕೆ ಹೊರಟಿದ್ದರೆ ಖಂಡಿತ ಆಗುತ್ತಿರಲಿಲ್ಲ. ಅರ್ಜಿಗೆ ಸಿಗುವುದು ಕೆಲವೇ ವಾರ, ಪತ್ರಗಳಿಗೆ ತಿಂಗಳುಗಟ್ಟಲೆ ಬೇಕು.

ಇನ್ನೊಂದು ವಿಷಯ ನನ್ನದೇ. ನಾನು ಗಡಿಯಾಚೆ ಕರ್ನಾಟಕದ ವಿಟ್ಲದ ಕಡೆಯವಳು. ನಮ್ಮ ಕಾರ್ಡಿನಲ್ಲಿ ನಾಲ್ಕೇ ಹೆಸರಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಹೆಸರು ತವರಿನ ಬಿಪಿಎಲ್ ಕಾರ್ಡಿನಲ್ಲೇ ಇತ್ತು. ಗಡಿಯ ಆಚೆಈಚೆ ಮದುವೆಯಾದ ನಮ್ಮಂಥವರಲ್ಲಿ ಇದು ತುಂಬ ಸಾಮಾನ್ಯ. ತೆಗೆಸಬೇಕು ಎಂದಾಗ ಅಮ್ಮ, "ಇರಲಿ ಬಿಡು ಮಗಾ, ನಿನ್ನ ಲೆಕ್ಕದ ಅಕ್ಕಿ ಇಲ್ಲಿ ಸಿಗ್ತದಲ್ಲ" ಎಂದರು. ಅಮ್ಮನಿಗೂ ಕಷ್ಟವೇ, ಅವರ ಮೇಲೆ ತಪ್ಪು ಹೊರಿಸಲಾರೆ. ಆದರೆ ಒಬ್ಬರ ಹೆಸರು ಎರಡು ಕಾರ್ಡಿನಲ್ಲಿ ಇರಲು ಸಾಧ್ಯವಿಲ್ಲ. ಆಧಾರ್ ಜೋಡಿಸಿದ ಮೇಲೆ ಅದು ತಾನಾಗಿಯೇ ಸಿಕ್ಕಿಬೀಳುತ್ತದೆ. ಬಿ.ಸಿ. ರೋಡಿನ ತಾಲೂಕು ಕಚೇರಿಗೆ ಹೋಗಿ ಹೆಸರು ತೆಗೆಸಿ, ತೆಗೆದದ್ದಕ್ಕೆ ಪತ್ರ ಕೇಳಿ ಪಡೆದೆ. ಆ ಪತ್ರ ಇದ್ದರೆ ಮಾತ್ರ ಇಲ್ಲಿ ಸೇರಿಸುತ್ತಾರೆ. ಗಡಿ ದಾಟಿ ಬರುವ ಮದುಮಗಳಿಗೆ ಇದನ್ನು ಮೊದಲ ತಿಂಗಳೇ ಮಾಡಿಸಿ. ಮಕ್ಕಳಾದ ಮೇಲೆ ಅಲೆಯುವುದು ತುಂಬ ಕಷ್ಟ.

ಭಾಷೆಯ ಮಾತು ಬಿಡುವ ಹಾಗಿಲ್ಲ. ನಾನು ಹತ್ತನೆಯವರೆಗೆ ಕನ್ನಡದಲ್ಲಿ ಓದಿದವಳು. ಮಲಯಾಳ ಮಾತಾಡುತ್ತೇನೆ, ಬರೆದದ್ದು ಓದಲು ಬರುವುದಿಲ್ಲ. ಓದಿ ಹೇಳಿದರೂ ಕೆಲವು ಶಬ್ದ ದಾರಿ ತಪ್ಪಿಸುತ್ತವೆ. 'ಅಪೇಕ್ಷ' ಅಂದರೆ ಅರ್ಜಿ. 'ತಾಮಸಂ' ಅಂದರೆ ವಾಸ. 'ಕಾರ್ಡುಡಮ' ಅಂದರೆ ಕಾರ್ಡು ಯಾರ ಹೆಸರಲ್ಲಿದೆಯೋ ಅವರು. ಕಾನೂನಿನ ಪ್ರಕಾರ ಅದು ಮನೆಯ ಹಿರಿಯ ಹೆಂಗಸು, ನಮ್ಮಲ್ಲಿ ಅತ್ತೆ. ಮೊದಲ ಸಲ ನಾನು ಏನೂ ಕೇಳದೆ ಸಹಿ ಹಾಕಿದ್ದೆ. ಎರಡನೇ ಸಲ ಒಂದೊಂದು ಕಾಲಮ್ಮನ್ನೂ ಓದಿ ಹೇಳಿಸಿ, ಅರ್ಥವಾದ ಮೇಲೆಯೇ ಮುಂದಕ್ಕೆ ಬಿಟ್ಟೆ. ಹಿಂದೆ ಸಾಲಿತ್ತು, ಕೆಲವರು ಗೊಣಗಿದರು. ಆದರೂ ಬಿಡಲಿಲ್ಲ.

ಅದರ ಜೊತೆ ರೇಷನ್ ಕಾರ್ಡು ನೋಡಿಕೊಳ್ಳುವ ತಾಲೂಕು ಸಪ್ಲೈ ಕಚೇರಿಗೆ ಕನ್ನಡದಲ್ಲೇ ಒಂದು ಪುಟದ ಮನವಿಯನ್ನೂ ಕೊಟ್ಟೆ. ಇವರು ಯಾವಾಗ ಬಂದರು, ಯಾವಾಗ ಬಿದ್ದರು, ಮನೆಯಲ್ಲಿ ಯಾರು ಏನು ದುಡಿಯುತ್ತಾರೆ, ಎಲ್ಲವನ್ನೂ ತಾರೀಕು ಹಾಕಿ ಬರೆದೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ನಮ್ಮ ಕಷ್ಟ ಬರೆದು ಕೊಡಬಹುದು ಎಂದು ಸಂವಿಧಾನದ 350ನೇ ವಿಧಿಯಲ್ಲೇ ಇದೆ. ಕಾಸರಗೋಡಿನ ಕನ್ನಡದವರಿಗೆ ಇಲ್ಲಿನ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೇರಳದ ಕಾನೂನಿನಲ್ಲೂ ಇದೆ. ಮನಸ್ಸಿನಲ್ಲಿ ಇದ್ದದ್ದನ್ನು ನನ್ನ ಭಾಷೆಯಲ್ಲಿ ಬರೆದಾಗ ಸಿಕ್ಕಿದ ಧೈರ್ಯ ದೊಡ್ಡದು. ಹೇಳಲು ಬಾರದೆ ಸುಮ್ನೆ ವಾಪಸು ಬರುವ ಹೆಂಗಸರನ್ನು ನಾನು ತುಂಬ ನೋಡಿದ್ದೇನೆ.

2024ರ ನವೆಂಬರ್ ಕೊನೆಗೆ ಮತ್ತೆ ಅರ್ಜಿ ಕರೆದರು. ಈ ಸಲ ನನ್ನ ಕಡತದಲ್ಲಿ ಎಲ್ಲ ಇತ್ತು: ವಿಲೇಜ್ ಆಫೀಸಿನ ಆದಾಯ ಪ್ರಮಾಣಪತ್ರ, 40 ಸೆಂಟ್ಸ್ ಜಾಗದ ತೆರಿಗೆ ರಶೀದಿ, ಪಂಚಾಯತಿನ ಮನೆ ಅಳತೆಯ ಪತ್ರ, ಬಿಪಿಎಲ್ ಪಟ್ಟಿಗೆ ಸೇರಲು ಅರ್ಹರು ಎಂಬ ಪತ್ರ, ಇವರ ಚಿಕಿತ್ಸೆಯ ದಾಖಲೆ. ಜನವರಿಯಲ್ಲಿ ರೇಷನಿಂಗ್ ಇನ್‌ಸ್ಪೆಕ್ಟರ್ ಮನೆಗೆ ಬಂದರು. ಹಟ್ಟಿ ಇದ್ದ ಜಾಗವನ್ನು ನಾನೇ ಕರೆದುಕೊಂಡು ಹೋಗಿ ತೋರಿಸಿದೆ. ಇವರ ಹಳೆಯ ಬೈಕು ಹೊರಗೇ ನಿಂತಿತ್ತು. ಕೆಲವರು ಇಂಥ ದಿನ ಮಿಕ್ಸಿ, ಟಿವಿ ಎಲ್ಲ ಒಳಗೆ ಇಡುತ್ತಾರೆ. ಅದು ಬೇಡ. ಪಟ್ಟಿಯಲ್ಲಿ ಇಲ್ಲದ್ದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಪಟ್ಟಿಯಲ್ಲಿ ಇರುವುದನ್ನು ಮುಚ್ಚಿಡಲು ಆಗುವುದೂ ಇಲ್ಲ.

ಯಾಕೆ ಇಷ್ಟು ಕಟ್ಟುನಿಟ್ಟು ಎಂದು ಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ತಿಳಿಯಿತು. 2013ರ ಆಹಾರ ಭದ್ರತಾ ಕಾನೂನಿನ ಪ್ರಕಾರ ಇಡೀ ಕೇರಳಕ್ಕೆ ಹಳದಿ ಮತ್ತು ಪಿಂಕ್ ಸೇರಿ 1 ಕೋಟಿ 54.80 ಲಕ್ಷ ಜನರಿಗೆ ಮಾತ್ರ ಜಾಗ. ಲೆಕ್ಕ ಹಾಕಿದ್ದು 2011ರ ಜನಗಣತಿಯ ಮೇಲೆ. ಒಳಗಿರುವವರು ಬಿಟ್ಟರೆ ಮಾತ್ರ ಹೊರಗಿರುವವರಿಗೆ ಜಾಗ. ಮಗ ನೌಕರಿಗೆ ಸೇರಿ, ಮನೆ ದೊಡ್ಡದಾಗಿ, ಕಾರು ಬಂದ ಮೇಲೂ ಪಿಂಕ್ ಕಾರ್ಡು ಇಟ್ಟುಕೊಂಡವರು ನಮ್ಮ ಸುತ್ತಲೂ ಇದ್ದಾರೆ. ಅವರು ತಿನ್ನದೆ ಕೋಳಿಗೆ ಹಾಕುವ ಅಕ್ಕಿ ಯಾವುದೋ ಮನೆಯ ಗಂಜಿ. ದಯವಿಟ್ಟು ಕಾರ್ಡು ಒಪ್ಪಿಸಿಬಿಡಿ. ತಾನಾಗಿ ಒಪ್ಪಿಸದೆ ಸಿಕ್ಕಿಬಿದ್ದರೆ ತಿಂದ ಅಕ್ಕಿಯ ಪೇಟೆ ಬೆಲೆ ಕಟ್ಟಬೇಕಾಗುತ್ತದೆ.

2025ರ ಏಪ್ರಿಲಿನಲ್ಲಿ ನಮ್ಮದು ಪಿಂಕ್ ಆಯಿತು. ಮೊದಲ ತಿಂಗಳು ಚೀಲ ತಂದು ಇಳಿಸಿದಾಗ ಅತ್ತೆ ಕುಚ್ಚಿಲಕ್ಕಿಯನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ನೋಡುತ್ತಾ ಕೂತಿದ್ದರು.

ಅಷ್ಟಕ್ಕೇ ಮುಗಿಯಲಿಲ್ಲ. ಆದ್ಯತೆಯ ಕಾರ್ಡಿನವರೆಲ್ಲ ಮಸ್ಟರಿಂಗ್ ಮಾಡಬೇಕು, ಅಂದರೆ ಕಾರ್ಡಿನಲ್ಲಿ ಇರುವವರು ನಾವೇ ಎಂದು ಬೆರಳು ಕೊಟ್ಟು ತೋರಿಸಬೇಕು. ಅತ್ತೆಯ ಬೆರಳು ಮೆಷಿನಿಗೆ ಹಿಡಿಯಲೇ ಇಲ್ಲ. ನಲವತ್ತು ವರ್ಷ ಅಡಿಕೆ ಸುಲಿದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿಯುತ್ತದೆ? ಮೂರು ಸಲ ಹೋಗಿ ಬಂದೆವು. ಕೊನೆಗೆ 'ಮೇರಾ ಇ-ಕೆವೈಸಿ' ಎಂಬ ಆ್ಯಪಿನಲ್ಲಿ ಮುಖ ತೋರಿಸಿ ಮಾಡಿದರು. ಕಣ್ಣಿನ ಸ್ಕ್ಯಾನರ್ ಇರುವ ಕಡೆ ಅದರಲ್ಲೂ ಆಗುತ್ತದೆ. ನಿಮ್ಮ ಮನೆಯ ಹಿರಿಯರ ಬೆರಳು ಸವೆದಿದ್ದರೆ ಇದನ್ನು ಕೇಳಿ, ಬರಿಗೈಯಲ್ಲಿ ಬರಬೇಡಿ. ಮತ್ತೆ ತಿಂಗಳ ರೇಷನ್ ತಪ್ಪಿಸಬೇಡಿ. ಸತತ ಮೂರು ತಿಂಗಳು ತರದಿದ್ದರೆ ಬೇಡ ಎಂದೇ ಲೆಕ್ಕ, ಕಾರ್ಡು ಆದ್ಯತೆಯಿಂದ ಹೊರಗೆ ಹೋಗುತ್ತದೆ. ಏನಾದರೂ ದೂರು ಇದ್ದರೆ 1967ಕ್ಕೆ ಫೋನ್ ಮಾಡಬಹುದು, ದುಡ್ಡಿಲ್ಲ.

ಈಗ ನಮ್ಮ ಕುಡುಂಬಶ್ರೀ ಘಟಕದ ಆರು ಮನೆಗಳ ಪತ್ರ ನಾನು ನೋಡುತ್ತಿದ್ದೇನೆ. ಇಬ್ಬರದ್ದು ಸಿದ್ಧವಾಗಿದೆ. ಒಬ್ಬರ ಮನೆ ಅಳೆಸಬೇಕು. ಇನ್ನೊಬ್ಬ ಅಕ್ಕನ ಗಂಡ ನಾಲ್ಕು ವರ್ಷದ ಹಿಂದೆ ಜೀಪು ಮಾರಿದ್ದಾರೆ, ಆದರೆ ಆರ್‌ಸಿ ಇನ್ನೂ ಅವರ ಹೆಸರಲ್ಲೇ ಇದೆ. ಕೊಂಡವನು ಉಪ್ಪಳದಲ್ಲಿದ್ದಾನಂತೆ. ಸೋಮವಾರ ಅವನನ್ನು ಹುಡುಕಿಕೊಂಡು ನಾವಿಬ್ಬರೂ ಹೊರಡುತ್ತೇವೆ.