‘ಖುಷಿ ಆತ್ರಿ’ ಅನ್ನೋದನ್ನ ಕೊರಿಯನ್‌ನಲ್ಲಿ ಹೇಳೋದು ಹೇಗೆ

ರಾಯಚೂರಿನ ನಮ್ಮ ಮನೆಯ ಮಾಳಿಗೆ ಮೇಲೆ ಕೂತು ನಾನು ಮೊದಲ ಸಲ ‘ಹೆಂಗ್‌ಬೊಖೆಯೊ’ ಅಂತ ಜೋರಾಗಿ ಹೇಳಿದಾಗ, ಕೆಳಗಿಂದ ಅಮ್ಮ ‘ಏನು ಹೆಂಗ?’ ಅಂತ ಕೂಗಿದರು. ನಮ್ಮ ಕಡೆ ಹೆಂಗ ಅಂದ್ರೆ ಹೇಗೆ. ಕೊರಿಯನ್‌ನಲ್ಲಿ ಹೆಂಗ್‌ಬೊಕ್ ಅಂದ್ರೆ ಸುಖ, ಸಂತೋಷ. ಅವತ್ತಿನಿಂದ ಆ ಪದ ಮರೆತಿಲ್ಲ.

ಆದರೆ ಡ್ರಾಮಾ ನೋಡಿ ನೋಡಿ ನಾಲ್ಕು ಮಾತು ಕಲಿತವರೆಲ್ಲ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಚಹಾ ಚೆನ್ನಾಗಿದ್ದರೂ ಹೆಂಗ್‌ಬೊಖೆಯೊ, ಕರೆಂಟ್ ಬಂದರೂ ಹೆಂಗ್‌ಬೊಖೆಯೊ. ಅದು ತಪ್ಪೇನಲ್ಲ, ಸ್ವಲ್ಪ ತೂಕದ ಮಾತು ಅಷ್ಟೇ. ಮನಸ್ಸು ತುಂಬಿದೆ, ನೆಮ್ಮದಿಯಾಗಿದೆ ಅನ್ನುವ ಖುಷಿ ಅದು. ದಿನದ ಸಣ್ಣಪುಟ್ಟ ಖುಷಿಗೆ ‘ಗಿಬುನಿ ಜೋವಾಯೊ’ ಅನ್ನಿ. ಗಿಬುನ್ ಅಂದ್ರೆ ಮೂಡ್, ಜೋವಾಯೊ ಅಂದ್ರೆ ಚೆನ್ನಾಗಿದೆ. ಒಂದೇ ಒಂದು ಮಾತು ಕಲಿಯೋಕೆ ಟೈಮ್ ಇದೆ ಅಂದ್ರೆ ಇದನ್ನೇ ಕಲಿಯಿರಿ.

ಈಗ ಬಾಲದ ಕಡೆ ನೋಡಿ. ಕೊನೆಯ ಆ ‘ಯೊ’ ಏನು? ಇದನ್ನು ಅರ್ಥ ಮಾಡಿಕೊಳ್ಳೋಕೆ ರಾಯಚೂರು, ಕೊಪ್ಪಳ, ಬಳ್ಳಾರಿಯವರಿಗೆ ಪುಸ್ತಕವೇ ಬೇಡ. ಗೆಳತಿಗೆ ‘ಖುಷಿ ಆತು’ ಅಂತೀವಿ, ಮಾಸ್ತರಿಗೆ ‘ಖುಷಿ ಆತ್ರಿ’ ಅಂತೀವಿ. ಖುಷಿ ಆಗಿದ್ದು ನನಗೆ, ಆದರೆ ಆ ‘ರಿ’ ಕೇಳ್ತಾ ಇರೋರಿಗೆ ಕೊಡುವ ಮರ್ಯಾದೆ, ಅಲ್ವಾ? ‘ಯೊ’ ಮಾಡುವ ಕೆಲಸವೂ ಅದೇ. ‘ಹೆಂಗ್‌ಬೊಖೆ’ ಅಂದ್ರೆ ಗೆಳತಿಗೆ, ‘ಹೆಂಗ್‌ಬೊಖೆಯೊ’ ಅಂದ್ರೆ ಹೊಸಬರಿಗೆ, ಹಿರಿಯರಿಗೆ. ನಾನು ಆನ್‌ಲೈನ್ ಕ್ಲಾಸಿನ ಟೀಚರಿಗೆ ‘ಯೊ’ ಬಿಟ್ಟು ಹೇಳಿ, ಅವರು ಹುಬ್ಬು ಏರಿಸಿ ನಕ್ಕಮೇಲೆ, ರಿ ಬಿಟ್ಟು ಮಾತಾಡಿದರೆ ನಮ್ಮಜ್ಜಿ ಹೇಗೆ ನೋಡ್ತಿದ್ದರು ಅನ್ನೋದು ನೆನಪಾಯಿತು.

ಇನ್ನೂ ಮೇಲಿನ ಮರ್ಯಾದೆಗೆ ‘ಹೆಂಗ್‌ಬೊಖಮ್ನಿದಾ’ ಇದೆ. ವೇದಿಕೆ, ಇಂಟರ್‌ವ್ಯೂ, ಪ್ರಶಸ್ತಿ ತಗೊಳ್ಳುವಾಗ. ಅಕ್ಷರದಲ್ಲಿ ಅಲ್ಲಿ ಇರೋದು ‘ಪ್’ ಥರದ ಅಕ್ಷರ, ಮುಂದೆ ‘ನಿ’ ಬಂದಿದ್ದರಿಂದ ಅದು ‘ಮ್’ ಆಗುತ್ತದೆ. ಜಗತ್ ಪ್ಲಸ್ ನಾಥ ಜಗನ್ನಾಥ ಆಗಲಿಲ್ಲವೇ, ಹಾಗೆ. ಒಂದು ಮಾರ್ಕಿಗೆ ಬಾಯಿಪಾಠ ಮಾಡಿದ ಅನುನಾಸಿಕ ಸಂಧಿ ಹೀಗೆ ಕೆಲಸಕ್ಕೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು!

ಅಂದ ಹಾಗೆ, ಅಕ್ಷರ ಕಲಿಯದೆ ಮುಂದೆ ಹೋಗಬೇಡಿ. ರಾಜ ಸೇಜೊಂಗ್ 1443ರಲ್ಲಿ ಮಾಡಿಸಿ 1446ರಲ್ಲಿ ಜನರ ಕೈಗೆ ಕೊಟ್ಟ ಲಿಪಿ ಅದು, ಈಗ ಬಳಕೆಯಲ್ಲಿರೋದು 24 ಅಕ್ಷರ. ಕಾಗುಣಿತ ಕಲಿತ ನಮಗೆ ನಾಲ್ಕೈದು ದಿನ ಸಾಕು. ನಾನು ಇಲ್ಲಿ ಕನ್ನಡದಲ್ಲಿ ಬರೆದಿರೋದು ಹತ್ತಿರದ ಉಚ್ಚಾರಣೆ ಮಾತ್ರ. ಉದಾಹರಣೆಗೆ ಶುರುವಿನ ಗ, ಜ, ಬ ಸ್ವಲ್ಪ ಕ, ಚ, ಪ ಕಡೆ ವಾಲುತ್ತವೆ. ಕೆಲವು ‘ಒ’ಗಳು ಅ ಮತ್ತು ಒ ನಡುವೆ ಎಲ್ಲೋ ಇವೆ. ಕಿವಿಯಿಂದಲೇ ಹಿಡಿಯಬೇಕು.

ಇನ್ನು ನನಗೆ ತುಂಬಾ ಇಷ್ಟವಾದ ವಿಷಯ. ‘ಗಿಪ್ಪೊಯೊ’ ಅಂತ ಇನ್ನೊಂದು ಮಾತಿದೆ, ಒಳ್ಳೆ ಸುದ್ದಿ ಕೇಳಿ ಆಗುವ ಖುಷಿ, ರಿಸಲ್ಟ್ ಬಂತು, ಕೆಲಸ ಸಿಕ್ತು ಅನ್ನುವಂಥದ್ದು. ಇದು ನನ್ನ ಖುಷಿಗೆ. ತಂಗಿ ಖುಷಿಪಡ್ತಿದ್ದಾಳೆ ಅಂತ ಹೇಳಬೇಕಾದರೆ ‘ದೊಂಗ್‌ಸೆಂಗಿ ಗಿಪ್ಪೊಹೆಯೊ’, ನಡುವೆ ಒಂದು ‘ಹೆ’ ಸೇರುತ್ತದೆ. ಇನ್ನೊಬ್ಬರ ಮನಸ್ಸಿನ ಒಳಗೆ ನಾವು ಹೊಕ್ಕು ನೋಡಿಲ್ಲ, ಹೊರಗೆ ಕಂಡದ್ದನ್ನು ಹೇಳ್ತೀವಿ ಅನ್ನೋದು ಲೆಕ್ಕ. ಎಲ್ಲರೂ ಇಲ್ಲಿ ತಲೆ ಕೆಡಿಸಿಕೊಳ್ಳುತ್ತಾರೆ. ನೀವು ಕೆಡಿಸಿಕೊಳ್ಳಬೇಡಿ. ಖುಷಿಯಾಯಿತು, ಖುಷಿಪಟ್ಟಳು ಅಂತ ನಾವು ಎರಡು ಥರ ಹೇಳ್ತೀವಲ್ಲ, ‘ಆಗು’ ಇದ್ದಲ್ಲಿ ಗಿಪ್ಪೊಯೊ, ‘ಪಡು’ ಇದ್ದಲ್ಲಿ ಗಿಪ್ಪೊಹೆಯೊ. ಮಿರ್ಚಿಗೂ ಇದೇ ಜೋಡಿ. ‘ಮಿರ್ಚಿಗಾ ಜೋವಾಯೊ’ ಅಂದ್ರೆ ಮಿರ್ಚಿ ನನಗೆ ಇಷ್ಟ, ‘ಮಿರ್ಚಿರುಲ್ ಜೋವಾಹೆಯೊ’ ಅಂದ್ರೆ ಮಿರ್ಚಿಯನ್ನು ಇಷ್ಟಪಡ್ತೀನಿ. ಒಂದು ಕಡೆ ಮಾತ್ರ ನಮ್ಮ ಕನ್ನಡ ಕಾಲು ಹಿಡಿದು ಎಳೆಯುತ್ತದೆ: ‘ನನಗೆ’ ಖುಷಿ ಅನ್ನೋದು ಅಲ್ಲಿ ನಡೆಯಲ್ಲ, ‘ನಾನು’ ಅಂತಲೇ ಶುರು ಮಾಡಬೇಕು. ‘ಜೊನುನ್ ಗಿಪ್ಪೊಯೊ.’ ಎಷ್ಟೋ ಸಲ ಜೊನುನ್ ಅನ್ನೋದನ್ನೂ ಬಿಟ್ಟೇ ಬಿಡುತ್ತಾರೆ.

ಯಾಕೆ ಖುಷಿ ಅಂತ ಹೇಳೋದು ಸುಲಭ. ಮೇ ತಿಂಗಳ ರಾಯಚೂರಿನಲ್ಲಿ ಸಂಜೆ ನಾಲ್ಕು ಹನಿ ಬಿದ್ದರೆ ‘ಬಿಗಾ ವಾಸೊ ಗಿಬುನಿ ಜೋವಾಯೊ’. ಬಿ ಅಂದ್ರೆ ಮಳೆ, ವಾಸೊ ಅಂದ್ರೆ ಬಂದು. ಮಳೆ ಬಂದು ಖುಷಿ. ಪದದ ಸಾಲು ಕೂಡ ನಮ್ಮದೇ, ಕ್ರಿಯಾಪದ ಕೊನೆಗೆ. ನಿನ್ನೆಯ ಮಾತಾದರೆ ಕೊನೆಯ ಪದ ಮಾತ್ರ ‘ಜೋವಾಸ್ಸೊಯೊ’ ಆಗುತ್ತದೆ, ವಾಸೊ ಹಾಗೇ ಇರುತ್ತದೆ. ಮೊದಲ ಭೇಟಿಯಲ್ಲಿ ಎಲ್ಲರೂ ಹೇಳುವ ‘ಮನ್ನಾಸೊ ಬಾನ್‌ಗಾಪ್‌ಸುಮ್ನಿದಾ’ದಲ್ಲೂ ಇದೇ ‘ಸೊ’ ಇದೆ, ಭೇಟಿಯಾಗಿ ಖುಷಿಯಾಯಿತು ಅಂತ.

ಜೋರು ಹೆಚ್ಚಿಸಬೇಕಾ? ‘ಜಿಂಚ್ಚಾ’ ಸೇರಿಸಿ, ನಮ್ಮ ‘ಖರೇನ’ ಇದ್ದಂತೆ. ‘ನೊಮು’ ಅಂದ್ರೆ ಅತಿಯಾಗಿ ಅಂತ. ಒಳ್ಳೆ ಮಾತಿನ ಜೊತೆ ಬಳಸಬಾರದು ಅಂತ ವ್ಯಾಕರಣದವರು ಮೊದಲು ಹೇಳುತ್ತಿದ್ದರು, ಜನ ಕೇಳಲಿಲ್ಲ, ಕೊನೆಗೆ 2015ರಲ್ಲಿ ಅಲ್ಲಿನ ಭಾಷಾ ಸಂಸ್ಥೆಯೇ ಒಪ್ಪಿಕೊಂಡಿತು. ಕುಣಿಯುವಂಥ ಖುಷಿಗೆ ‘ಶಿನ್ನಾಂದಾ!’, ಲಾಟರಿ ಹೊಡೆದಂತೆ ಏನಾದರೂ ಆದರೆ ‘ಆಸ್ಸಾ!’

ಗೆಳತಿ ಟ್ರಿಪ್ ಫೋಟೋ ಹಾಕಿದಾಗ ನನ್ನ ಬಾಯಿಗೆ ಬರೋದು ‘ಜೋಖೆತ್ತಾ’. ನಿಂದೇನವಾ, ಮಜಾ ಐತಿ ಅನ್ನುತ್ತೀವಲ್ಲ, ಆ ಥರದ ಮಾತು. ಸ್ವಲ್ಪ ಹೊಟ್ಟೆಕಿಚ್ಚು, ಜಾಸ್ತಿ ಪ್ರೀತಿ. ದೊಡ್ಡವರ ಹತ್ತಿರ ಮಾತ್ರ ‘ಜೋಉಶಿಗೆಸ್ಸೊಯೊ’ ಅನ್ನಿ, ರಿ ಮರೆಯಬೇಡಿ.